ಹದಿನಾರು ಮನೆಯ ಹಾಡು

ನಲ್ಲಿಯಲ್ಲಿ ನೀರು ಬಂದಾಗ ಎರಡು ಡ್ರಮ್ಮು ತುಂಬಿಸಿದೆ. ಅವ್ವನ ತಲೆ ಬಾಚಿ ಹೆರಳು ಹಾಕಿದೆ. ತಮ್ಮನ ಅಂಗಿಗಳಿಗೆ ಇಸ್ತ್ರಿ ಮಾಡಿದೆ. ಬೇಗಂ ಬಜಾರಿನ ಜೋಳವನ್ನು ಮೊರಕ್ಕೆ ಸುರಿದು ಕಲ್ಲು ಆರಿಸಿದೆ. ತಮ್ಮನ ಆಟದ ಡಬ್ಬಿಯಲ್ಲಿ ಐದು ಖಾಲಿ ಪುಟ ಸೇರಿಸಿದೆ. ಆ ಭಾನುವಾರ ಮಾಡಿದ ಕೆಲಸ ಇಷ್ಟು.

ಡಬ್ಬಿ ಅಂದರೆ ಅಂಗೈಯಗಲದ ವಿಡಿಯೋ ಗೇಮು. ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಕಂಪ್ಯೂಟರ್ ಕಂಪನಿಯ ಬಸ್ಸಿನಲ್ಲಿ ಹೋಗಿ ಬರುವಾಗ ತಮ್ಮ ಅದರಲ್ಲಿ ಆಟ ಆಡುತ್ತಿರಲಿಲ್ಲ, ಸಂಗೀತ ಕಟ್ಟುತ್ತಿದ್ದ. ಅದಕ್ಕೆಂದೇ ಡಬ್ಬಿಗೆ ಸಿಕ್ಕಿಸುವ ಬೇರೆ ಕ್ಯಾಸೆಟ್ಟು ಇತ್ತು. ಪರದೆಯ ಮೇಲೆ ಒಂದು ಪುಟಕ್ಕೆ ಹದಿನಾರು ಮನೆ, ಚೌಕಾಬಾರದ ಹಾಗೆ. ಮನೆಗೊಂದು ಸ್ವರ. ಹದಿನಾರನೆಯದು ಮುಗಿದರೆ ತಿರುಗಿ ಮೊದಲನೆಯದು.

ಅವ್ವನಿಗೆ ಮರೆವು ಶುರುವಾಗಿ ವರ್ಷವಾಗಿತ್ತು. ಮೊದಲು ಹಾಲಿನವನ ಹೆಸರು ಹೋಯಿತು, ಆಮೇಲೆ ನಮ್ಮದು. ರಾಯಚೂರಿನ ಕಡೆ ಬೀಸುವಾಗ ಹಾಡುತ್ತಿದ್ದ ಒಂದು ಪದ ಮಾತ್ರ ಆಗೀಗ ಬಾಯಿಗೆ ಬರುತ್ತಿತ್ತು. ಮೊದಲ ಸಾಲಿನಲ್ಲಿ ತವರಿಗೆಂದು ಮನೆ ಬಿಟ್ಟವಳು ತುಂಬಿದ ಹೊಳೆಯ ದಂಡೆಗೆ ಬಂದು ನಿಲ್ಲುತ್ತಾಳೆ. ಹೇಗೆ ದಾಟಿದಳೆಂಬುದು ಎರಡನೆಯ ಸಾಲಿನಲ್ಲಿದೆ. ಅದು ನನಗೆ ಬರದು. ಬೀಸುವ ಅವ್ವನ ತೊಡೆಯ ಮೇಲೆ ತಲೆಯಿಟ್ಟವಳು ದಂಡೆ ಬರುವುದರೊಳಗೆ ನಿದ್ದೆ ಹೋಗಿರುತ್ತಿದ್ದೆ. ಅವಳು ಪೂರ್ತಿ ಮರೆಯುವ ಮೊದಲು ಆ ಸಾಲನ್ನು ಕೇಳಿ ಬರೆದಿಟ್ಟುಕೊಳ್ಳಬೇಕೆಂಬುದೊಂದೇ ನನ್ನ ಆಸೆಯಾಗಿತ್ತು.

"ಮೊದಲನೇ ಸಾಲು ಡಬ್ಬಿಯೊಳಗ ಹಾಕ್ತೀನಿ ಅಕ್ಕಾ. ಕೇಳಿ ಕೇಳಿ ಮುಂದಿಂದು ತಾನೇ ಬರತೈತಿ," ಎಂದ ತಮ್ಮ. ಹದಿನಾರು ಮನೆಗೆ ಸರಿಯಾಗಿ ಕೂರಿಸಿದ.

ಮೊದಲ ದಿನ ಅವ್ವ ನಕ್ಕಳು. "ಏನಲೇ ಇದು, ನೆಗಡಿ ಬಂದ ಹುಂಜ ಕೂಗಿದಂಗ!"

ಎರಡನೆಯ ದಿನ ಜೊತೆಗೆ ಹಾಡಿದಳು. ದಂಡೆಗೆ ಬಂದಳು, ಮುಂದಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಡಬ್ಬಿ ಮೊದಲಿಗೆ ಹೋಗಿತ್ತು, ಅವಳೂ ಅದರ ಹಿಂದೆ ಹೋದಳು. ಹಾಡಿದಳಲ್ಲ ಎಂಬ ಹಿಗ್ಗಿನಲ್ಲಿ ನಾನು ಅದನ್ನು ಗಮನಿಸಲಿಲ್ಲ. ಒಂದು ತಿಂಗಳು ದಿನವೂ ಅವಳ ಪಕ್ಕದಲ್ಲಿ ಹಚ್ಚಿಟ್ಟೆ.

ಆ ಭಾನುವಾರ ಜೋಳ ಆರಿಸುತ್ತಾ ಒಂದು ಹಿಡಿ ಎತ್ತಿಕೊಂಡಾಗ ಕೈ ಅಲ್ಲೇ ನಿಂತಿತು. ಬೀಸುವವರು ಒಂದು ಸಾಲು ಮುಗಿಸಿ, ಸುಮ್ಮನಾಗಿ, ಕಲ್ಲಿನ ಬಾಯಿಗೆ ಹಿಡಿ ಕಾಳು ಹಾಕಿ, ಆಮೇಲೆ ಮುಂದಿನ ಸಾಲು ಎತ್ತುತ್ತಾರೆ. ಡಬ್ಬಿಯಲ್ಲಿ ಆ ಹಿಡಿ ಹಾಕುವ ಹೊತ್ತೇ ಇರಲಿಲ್ಲ. ತಮ್ಮ ಬೀಸುಕಲ್ಲು ಕಂಡವನಲ್ಲ. ಕಂಡ ನಾನು ಹೇಳಿರಲಿಲ್ಲ.

"ಉದ್ದ ಮಾಡಾಕ ಬರತೈತೇನೋ ಇದು?"

"ಬರತೈತಿ. ಪುಟದ ಹಿಂದ ಪುಟ ಜೋಡಸೋದು, ಎಷ್ಟ ಬೇಕಾದ್ರೂ."

"ಮತ್ತ ಯಾಕ ಮಾಡಲಿಲ್ಲ?"

"ನೀ ಎಲ್ಲಿ ಕೇಳಿದಿ? ಹಾಡಾಕತ್ತಾಳ, ಸಾಕು ಅಂದಿ."

ಗುಂಡಿ ಒತ್ತುವುದನ್ನು ನನಗೇ ಕಲಿಸಿದ. "ಮೆಲ್ಲಕ ಅಕ್ಕಾ, ರೊಟ್ಟಿ ಅಲ್ಲ ಅದು, ಹಂಗ ಬಡೀಬ್ಯಾಡ."

ಹಿಡಿ ಕಾಳಿಗೆ ಒಂದು ಖಾಲಿ ಪುಟ, ಎರಡನೆಯ ಸಾಲಿಗೆ ಎರಡು. ಪೆನ್ಸಿಲ್ ಹಿಡಿದು ಕೂತೆ. ಅವ್ವ ಮೊದಲ ಸಾಲು ಹಾಡಿದಳು. ಡಬ್ಬಿ ಸುಮ್ಮನಾಯಿತು. ಅವಳ ಕೈ ತಾನಾಗಿ ಮೊರಕ್ಕೆ ಹೋಯಿತು, ಒಂದು ಹಿಡಿ ಎತ್ತಿ ಬರಿ ನೆಲದ ಮೇಲೆ ಬಿಟ್ಟಿತು. ಅವ್ವ ಬಾಯಿ ತೆರೆದು ಡಬ್ಬಿಯನ್ನೇ ನೋಡುತ್ತಾ ಕಾದಳು. ಪರದೆಯ ಬಾಣ ಖಾಲಿ ಮನೆಗಳನ್ನು ಒಂದೊಂದಾಗಿ ದಾಟಿತು. ಮೊದಲ ಸಾಲು ಮತ್ತೆ ಬಂದಾಗ, "ಹಾಂ, ಬಂತು ನೋಡ್ರಿ," ಎಂದು ನನಗೆ ಹೇಳಿ ಹಾಡಿಗೆ ಸೇರಿಕೊಂಡಳು.

ಇನ್ನೂ ಎರಡು ಪುಟ ಜೋಡಿಸಿದೆ. ಅಷ್ಟು ಹೊತ್ತೂ ಕಾದಳು.

"ಮುಂದ ಏನವ್ವಾ? ಹೊಳಿ ಹೆಂಗ ದಾಟಿದಳು?"

"ಎಲ್ಲಿ ದಾಟತಾಳವ್ವ? ಮತ್ತ ಮನಿಯಿಂದ ಹೊಂಟಾಳಲ್ಲ."

ತಮ್ಮ ಎದ್ದು ಕಿಟಕಿಯ ಹತ್ತಿರ ಹೋದ. ಆ ಸಾಲು ಮೊದಲೇ ಹೋಗಿತ್ತೋ, ತಿಂಗಳೆಲ್ಲ ಹಿಂದಕ್ಕೆ ಎಳೆದೆಳೆದು ನಾವೇ ಸವೆಸಿದೆವೋ, ಇವತ್ತಿಗೂ ಹೇಳಲಾರೆ. ನೆಲದ ಕಾಳು ಬಳಿದು ಮೊರಕ್ಕೆ ಹಾಕಿದೆ.

ಸಂಜೆ ಬಿಸಿ ರೊಟ್ಟಿ, ಪುಂಡಿಪಲ್ಯ, ಮೊಸರು. ಅವ್ವ ಅರ್ಧ ರೊಟ್ಟಿ ತಿಂದಳು, ಅದೂ ಹಾಲಿನಲ್ಲಿ ಮುರಿದು ಕೊಟ್ಟಿದ್ದಕ್ಕೆ. ಆ ರಾತ್ರಿ ಮೊದಲು ನಿದ್ದೆ ಹೋದವಳು ಅವಳೇ.