ಇಲ್ಲದ ಮೀನಿಗೆ ಊಟ

ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನನ್ನ ಹೆಂಡತಿ ನಡುಮನೆಯಲ್ಲಿದ್ದ ಗಾಜಿನ ತೊಟ್ಟಿಗೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದಳು. ತೊಟ್ಟಿಯಲ್ಲಿ ಮೀನಿರಲಿಲ್ಲ. ಉಪ್ಪುನೀರು, ಬಿಳಿ ಮರಳು, ನಾಲ್ಕಾರು ಕಲ್ಲು, ಮೇಲೊಂದು ನೀಲಿ ದೀಪ, ಗೊರಗುಟ್ಟುವ ಪಂಪು, ಅಷ್ಟೇ. ಹಾಕಿದ್ದು ತೇಲಿ, ನೆನೆದು, ಕಲ್ಲಿನ ಸಂದಿಗೆ ಇಳಿಯುವ ತನಕ ಅವಳು ನೋಡುತ್ತ ನಿಲ್ಲುತ್ತಿದ್ದಳು. ನಾನು ಅವಳ ಹಿಂದೆ ನಿಂತು ಚಿಟಿಕೆ ದೊಡ್ಡದಾಯಿತೇನೋ ಎಂದು ಚಿಂತಿಸುತ್ತಿದ್ದೆ. ಇಲ್ಲದ ಮೀನಿಗೆ ಅಜೀರ್ಣವಾದೀತೆಂದು ಹೆದರಿದವನು ಇಡೀ ಮಧುಗಿರಿಯಲ್ಲಿ ನಾನೊಬ್ಬನೇ ಇರಬೇಕು.

ಇದು ಹುಚ್ಚಲ್ಲ, ವಿಧಾನ. ಸಮುದ್ರದ ಮೀನು ಸಾಕಬೇಕೆನ್ನುವವರು ಮೊದಲು ಖಾಲಿ ನೀರನ್ನು ಸಾಕಬೇಕು. ಹಾಕಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ವಿಷ. ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನಲ್ಲಿ ಹುಟ್ಟಿ ಅದನ್ನು ತಿಂದು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಅದನ್ನು ತಿನ್ನುವ ಇನ್ನೊಂದು ಜಾತಿ ಹುಟ್ಟಿ ಬಲಿತ ಮೇಲೆಯೇ ನೀರು ಹದಕ್ಕೆ ಬಂತೆಂದು ಲೆಕ್ಕ. ಕೊರಟಗೆರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಲೇ ತಲೆ ನೆರೆತ ನನಗೆ ಇದು ಅರ್ಥವಾಗದ ಸಂಗತಿಯಲ್ಲ. ಅರ್ಥವಾದದ್ದೇ ತೊಂದರೆ. ಏನೇನು ಕೆಡಬಹುದೆಂದು ಗೊತ್ತಿಲ್ಲದವನು ನೆಮ್ಮದಿಯಾಗಿರುತ್ತಾನೆ.

ಮೀನು ಬೇಕೆಂದವಳು ಅವಳು. ಧರ್ಮಸ್ಥಳಕ್ಕೆ ಹೋದವರು ಹಾಗೇ ಮಂಗಳೂರು ನೋಡಿಬರೋಣವೆಂದು ಹೋಗಿದ್ದಾಗ ಅಲ್ಲಿನ ಹೋಟೆಲಿನಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆ ಎಳೆದ ಎರಡು ಮೀನು ಒಂದರ ಹಿಂದೊಂದು ಸುತ್ತುತ್ತಿದ್ದವು. ಅವಳ ಕಾಫಿ ಆರಿ ಕೆನೆಗಟ್ಟಿತು. ‘ಇಂಥವು ಎರಡು ನಮ್ಮನೇಲಿ ಇದ್ದಿದ್ರೆ’ ಎಂದಳು, ನನಗಲ್ಲ, ಗಾಜಿಗೆ. ನಮಗೆ ಮಕ್ಕಳಿಲ್ಲ. ತುಮಕೂರು, ಬೆಂಗಳೂರಿನ ಆಸ್ಪತ್ರೆಗಳ ಮೆಟ್ಟಿಲು ಹತ್ತಿಳಿದು, ಕೊನೆಗೆ ಸಾಕು ಎಂದವಳೂ ಅವಳೇ. ಅದಾದ ಮೇಲೆ ಬಾಯಿಬಿಟ್ಟು ಏನನ್ನಾದರೂ ಬೇಕೆಂದದ್ದು ಅದೇ ಮೊದಲು. ಆಗಲಿ ಎಂದುಬಿಟ್ಟೆ. ಎಂದ ಗಳಿಗೆಯಿಂದ ಚಿಂತೆ ಹತ್ತಿಕೊಂಡಿತು.

ಸಿರಾದ ಬಸ್‌ಸ್ಟ್ಯಾಂಡಿನ ಹಿಂದೆ ಬಣ್ಣದ ಮೀನು ಮಾರುವ ಅಂಗಡಿಯಿದೆ. ಅಂಗಡಿಯ ಭಾಯಿ ಸಿಹಿನೀರಿನ ಮೀನು ಮಾತ್ರ ಇಟ್ಟಿದ್ದರೂ ಬೆಂಗಳೂರಿನಿಂದ ಎಲ್ಲ ತರಿಸಿಕೊಡುತ್ತೇನೆಂದು ಒಪ್ಪಿದ. ‘ಸಬರ್ ಬೇಕು ಸಾರ್. ಎಲ್ರೂ ಅವಸರ ಮಾಡೇ ಮೀನು ಸಾಯ್ಸೋದು’ ಎಂದ. ಅವಸರ ನನ್ನ ಕಾಯಿಲೆಯಲ್ಲ ಎಂದು ಹೇಳಿ, ಗಾಜು, ಕಲ್ಲು, ಮರಳು, ಸಮುದ್ರದ ಉಪ್ಪು ಎಲ್ಲವನ್ನೂ ಗೂಡ್ಸ್ ಆಟೋದಲ್ಲಿ ತಂದೆ.

ಬೋರಿನ ನೀರು ಕಾಯಿಸಿದ ಪಾತ್ರೆಯೇ ಬೆಳ್ಳಗೆ ಹೊಪ್ಪಳಿಕೆ ಕಟ್ಟುವ ಊರು ನಮ್ಮದು. ಹಾಗಾಗಿ ಶುದ್ಧ ನೀರಿನ ಘಟಕದಿಂದ ಕ್ಯಾನುಗಟ್ಟಲೆ ಸಿಹಿನೀರು ಹೊತ್ತು ತಂದು, ಅದಕ್ಕೆ ಉಪ್ಪು ಕದಡಿದೆ. ಜಗಲಿಯಲ್ಲಿ ಕೂತು ನೋಡುತ್ತಿದ್ದ ಪಕ್ಕದ ಮನೆಯಾತ ತಡೆದುಕೊಳ್ಳಲಾರದೆ ಕೇಳಿದ: ‘ಅಲ್ಲಾ ಮೇಷ್ಟ್ರೇ, ಬೋರ್ ನೀರು ಸವಳು ಅಂತ ಸಿಹಿನೀರು ತರೋದು, ಸಿಹಿನೀರಿಗೆ ಉಪ್ಪು ಸುರಿಯೋದು. ಆ ಬೋರೇನು ಪಾಪ ಮಾಡಿತ್ತು? ಹೋಗ್ಲಿ, ಇಷ್ಟು ದೊಡ್ಡ ಬೆಟ್ಟದ ಬುಡದಾಗಿದ್ಕಂಡು ಕಲ್ಲನ್ನೂ ಸಿರಾದಿಂದ ತಂದ್ರಾ?’ ನಾನು ಇನ್ನೊಂದು ಕ್ಯಾನು ತರಲು ಹೊರಟೆ.

ಆಮೇಲೆ ಕಾಯುವುದು. ಸಂಜೆ ಕಾಲೇಜಿನಿಂದ ಬಂದವನು ಪುಟ್ಟ ಗಾಜಿನ ನಳಿಗೆಗೆ ತೊಟ್ಟಿಯ ನೀರು ತುಂಬಿ, ಔಷಧದ ಹನಿ ಬಿಟ್ಟು ಕಿಟಕಿಗೆ ಹಿಡಿಯುತ್ತಿದ್ದೆ. ಹಸಿರು ಎಂದರೆ ಅಮೋನಿಯಾ, ಹಳದಿ ಎಂದರೆ ಇಲ್ಲ. ಇನ್ನೊಂದರಲ್ಲಿ ನೇರಳೆ ಎಂದರೆ ನೈಟ್ರೈಟ್, ತಿಳಿನೀಲಿ ಎಂದರೆ ಇಲ್ಲ. ಬಂದವರೆಲ್ಲ ನೀಲಿ ದೀಪದ ಮುಂದೆ ಬಗ್ಗಿ ಹುಡುಕಿ, ‘ಮೀನೆಲ್ಲಿ?’ ಎನ್ನುತ್ತಿದ್ದರು. ಇನ್ನೂ ಆಗಿಲ್ಲ ಎನ್ನುತ್ತಿದ್ದೆ. ಯಾವಾಗ ಆಗುತ್ತೆ, ಇಷ್ಟು ದಿನವಾದರೂ ಯಾಕೆ ಆಗಲಿಲ್ಲ, ತಜ್ಞರು ಯಾರಿಗಾದರೂ ತೋರಿಸಿದಿರಾ. ಈ ಮಾತುಕತೆ ನಮ್ಮ ಮನೆಗೆ ಹೊಸದಲ್ಲ. ಮೊದಲಿನಂತೆಯೇ ಅವಳು ಕಾಫಿ ಇಡುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು.

ಅಮೋನಿಯಾ ಹಳದಿಗೆ ತಿರುಗಿತು. ಎಷ್ಟೋ ದಿನದ ಮೇಲೆ ನೇರಳೆಯೂ ತಿಳಿಯಾಯಿತು. ಆದರೂ ನಾನು, ಇನ್ನೊಂದು ವಾರ ನೋಡೋಣ ಎಂದೆ. ಆ ವಾರ ಕಳೆದ ಮೇಲೆ ಇನ್ನೊಂದು. ಅವಳು ಚಿಟಿಕೆ ಹಾಕುತ್ತಲೇ ಇದ್ದಳು. ಕೊನೆಗೆ ಒಂದು ಸೋಮವಾರ ಧೈರ್ಯ ಮಾಡಿ ಭಾಯಿಗೆ ಫೋನು ಮಾಡಿದೆ. ಶುಕ್ರವಾರದ ಪಾರ್ಸೆಲ್ಲಿನಲ್ಲಿ ಜೋಡಿ ಬರುತ್ತದೆ ಎಂದ. ಅವಳು ನಡುಮನೆಯ ಪರದೆಗಳನ್ನೆಲ್ಲ ಇಳಿಸಿ ಒಗೆದು ಹಾಕಿದಳು.

ಮಾರನೆಯ ದಿನ ಪಾವಗಡದ ಕಡೆಯಿಂದ ದೊಡ್ಡಮ್ಮ ಬಂದಳು. ನನ್ನ ತಾಯಿಯ ಅಕ್ಕ. ತಾಯಿ ಹೋದ ಮೇಲೆ ನನಗಿರುವ ಹಿರಿಯಳು ಅವಳೊಬ್ಬಳೇ. ಹಿಂದೊಮ್ಮೆ, ಇನ್ನೊಂದು ಹೆಣ್ಣು ನೋಡೋದಾದರೆ ನಮ್ಮ ಕಡೆ ಇದೆ ಎಂದು ನನ್ನ ಹೆಂಡತಿ ರೊಟ್ಟಿ ಬಡಿಸುತ್ತಿರುವಾಗಲೇ ಹೇಳಿದ್ದವಳು. ಹೆಂಡತಿ ಅಂದು ರೊಟ್ಟಿ ಬಡಿಸುವುದನ್ನು ನಿಲ್ಲಿಸಲಿಲ್ಲ. ಆಮೇಲೆಯೂ ನಿಲ್ಲಿಸಿಲ್ಲ.

ದೊಡ್ಡಮ್ಮ ತೊಟ್ಟಿ ನೋಡಿ, ‘ಏಮ್ರಾ, ನೀಳ್ಳು ಉಂಡಾಯಿ, ಚೇಪಲು ಏವಿ?’ ಎಂದಳು. ನೀರಿದೆ, ಮೀನೆಲ್ಲಿ ಎಂದು. ಅವಳಿಗೆ ಮುಖ್ಯವಾದ ಪ್ರಶ್ನೆಗಳೆಲ್ಲ ತೆಲುಗಿನಲ್ಲೇ ಬರುತ್ತವೆ. ಶುಕ್ರವಾರ ಬರುತ್ತವೆ ಎಂದೆ. ‘ಗಂಗೆ ಪೂಜೆ ಮಾಡಿದ್ರಾ?’ ಎಂದಳು. ನಾನು ನಕ್ಕು ಕೊರಟಗೆರೆಯ ಬಸ್ಸಿಗೆ ಓಡಿದೆ.

ನಗಬಾರದಿತ್ತು. ನಮ್ಮ ಕಡೆ ಬೋರಿನಲ್ಲಿ ನೀರು ಬಿದ್ದರೂ ಸರಿ, ಹೊಸ ಸಂಪು ತುಂಬಿಸಿದರೂ ಸರಿ, ಗಂಗೆ ಪೂಜೆ ಮಾಡದೆ ಮುಟ್ಟುವುದಿಲ್ಲ. ಸಂಜೆ ಬಂದಾಗ ಗಾಜಿನ ಮೇಲೆ ಮೂರು ಬೆರಳ ವಿಭೂತಿ, ಅರಿಶಿನ ಕುಂಕುಮ, ಮುಚ್ಚಳದ ಮೇಲೆ ಚೆಂಡುಹೂವು. ನೀರಿಗೇನೂ ಬಿದ್ದಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡೆ. ದೊಡ್ಡಮ್ಮ ಮಾರನೆಯ ಬೆಳಿಗ್ಗೆ ಊರಿಗೆ ಹೋದಳು.

ಗುರುವಾರ ಸಂಜೆ, ಕೊನೆಯದಾಗಿ ಒಂದು ಸಲ ಎಂದುಕೊಂಡು ನಳಿಗೆ ಹಿಡಿದೆ. ಹಸಿರು. ಕೈತಪ್ಪಿರಬೇಕೆಂದು ಮತ್ತೆ ಮಾಡಿದೆ. ಇನ್ನಷ್ಟು ಹಸಿರು. ಒಂದೊಂದೇ ಕಲ್ಲು ಎತ್ತಿದೆ. ಪಂಪಿನ ಹಿಂದೆ, ಮರಳಿನ ಮೇಲೆ, ಹಳೇಕಾಲದ ತೂತಿನ ಕಾಸೊಂದು ಪಾಚಿ ಬಣ್ಣದ ಕಿಲುಬು ಬಿಡುತ್ತ ಕೂತಿತ್ತು. ಗಂಗೆಗೆ ದೊಡ್ಡಮ್ಮ ಹಾಕಿದ ಕಾಣಿಕೆ. ತಾಮ್ರ. ಉಪ್ಪುನೀರು ತಾಮ್ರವನ್ನು ತಿನ್ನುತ್ತದೆ, ಕರಗಿದ ತಾಮ್ರ ನಾವು ಅಷ್ಟು ದಿನ ಉಣ್ಣಿಸಿ ಬೆಳೆಸಿದ ಆ ಕಾಣದ ಜೀವಿಗಳನ್ನು ಕೊಲ್ಲುತ್ತದೆ. ಇದನ್ನು ನಾನು ಕರಿಹಲಗೆಯ ಮೇಲೆ ಬರೆದು ತೋರಿಸಿ ಸಂಬಳ ತೆಗೆದುಕೊಳ್ಳುವವನು.

ಕಾಸನ್ನು ಅಂಗೈಯಲ್ಲಿಟ್ಟು ಹೆಂಡತಿಗೆ ತೋರಿಸಿದೆ.

‘ಇದು ನಿಂಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ಬೇಡ ಅನ್ನಬಾರ್ದಿತ್ತಾ?’

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ‘ಈ ಮನೆಗೆ ಏನೋ ಬರುತ್ತೆ ಅಂತ ಆಯಮ್ಮ ಅರಿಶಿನ ಕುಂಕುಮ ಇಟ್ಟಿದ್ದು ಇದೇ ಮೊದ್ಲು. ನನ್ನ ತಲೆಗೂ ಒಂದು ಹೂವು ಮುಡಿಸಿದ್ಲು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ ಕಣ್ರೀ.’

ಭಾಯಿಗೆ ಫೋನು ಮಾಡಿದೆ. ಕಲ್ಲು ತಾಮ್ರ ಕುಡಿದಿರುತ್ತದೆ, ಇನ್ನು ಅದು ಸ್ವಲ್ಪ ಸ್ವಲ್ಪವೇ ಕಕ್ಕುತ್ತ ಇರುತ್ತದೆ, ಎಲ್ಲ ಬಿಸಾಡಿ ಹೊಸದಾಗಿ ಶುರುಮಾಡುವುದೇ ಒಳ್ಳೆಯದು ಎಂದ. ಕೊನೆಗೆ, ‘ಮೀನು ತಡ್ಕೊಂಡ್ರೂ ತಡ್ಕೊಬೋದು ಸಾರ್. ನಿಮ್ಮಿಷ್ಟ’ ಎಂದ. ಚಿಂತೆಯ ಮನುಷ್ಯನಿಗೆ ಆಡಬಾರದ ಮಾತೆಂದರೆ ಅದೇ.

‘ತರ್ಸಿ’ ಎಂದಳು ಅವಳು. ‘ಇದ್ದಷ್ಟು ದಿನ ಇರ್ಲಿ.’

‘ಸತ್ತೋದ್ರೆ?’

‘ಬರೋಕೆ ಮುಂಚೇನೇ ಸಾಯಿಸ್ತೀರಲ್ಲ ನೀವು.’

ನಾನು ಭಾಯಿಗೆ ಬೇಡ ಎಂದೆ. ಜೋಡಿ ಯಾರದೋ ಮನೆಗೆ ಹೋಯಿತು. ಹೊಸದಾಗಿ ಶುರುಮಾಡೋಣವೇ ಎಂದು ಕೇಳಿದ್ದಕ್ಕೆ ಅವಳು, ಆಹಾರದ ಡಬ್ಬಿಯನ್ನು ಅಡಿಗೆಮನೆಯ ಮೇಲಿನ ಅಟ್ಟಕ್ಕೆ ಎತ್ತಿಟ್ಟು ಬಂದಳು. ಕಾಸನ್ನು ಮಾತ್ರ ಹುಣಿಸೆಹಣ್ಣು ಹಾಕಿ ಉಜ್ಜಿ, ಫಳಫಳ ಮಾಡಿ, ದೇವರ ಮುಂದೆ ಇಟ್ಟಳು.

ಭಾನುವಾರ ತೊಟ್ಟಿ ಖಾಲಿ ಮಾಡಿದೆ. ಅಕ್ಕಿ ತೊಳೆದ ನೀರನ್ನೂ ಕರಿಬೇವಿನ ಬುಡಕ್ಕೆ ಹೊಯ್ಯುವ ಬೀದಿ ನಮ್ಮದು. ಪಕ್ಕದ ಮನೆಯಾಕೆ ತಮ್ಮ ದಾಸವಾಳಕ್ಕೆಂದು ಕೊಡ ಹಿಡಿದು ಬಂದರು. ಉಪ್ಪು, ಗಿಡ ಸುಟ್ಟುಹೋಗುತ್ತದೆ ಎಂದೆ. ಕ್ಯಾನಿನಲ್ಲಿ ಹೊತ್ತು ತಂದ ನೀರು ಬಕೆಟ್ಟುಗಟ್ಟಲೆ ಚರಂಡಿಗೆ ಹೋಗುವುದನ್ನು ಅವರು ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡೇ ನೋಡಿದರು.

ಕೊನೆಯ ಬಕೆಟ್ಟು ಎತ್ತುತ್ತಿದ್ದಾಗ ಹೆಂಡತಿಗೆ ಫೋನು ಬಂತು. ದೊಡ್ಡಮ್ಮ. ಅವಳ ದನಿಗೆ ಸ್ಪೀಕರ್ ಬೇಕಿಲ್ಲ. ‘ಚೇಪಲು ವಚ್ಚಾಯಾ ಅಮ್ಮಣ್ಣಿ?’

ಹೆಂಡತಿ ಬತ್ತಿದ ಗಾಜಿನ ಕಡೆ ಒಮ್ಮೆ ನೋಡಿದಳು.

‘ಬಂದವೆ ದೊಡ್ಡಮ್ಮ. ಜೋಡಿ. ಬೆಳಿಗ್ಗೆ ಹಾಕಿದ್ದನ್ನ ಒಂದು ಚೂರೂ ಬಿಡ್ದಂಗೆ ತಿಂದ್ವು.’

‘ನಾನು ಕಾಸು ಹಾಕಿದ್ನಲ್ಲ, ಅದ್ಕೇ ಕಣಮ್ಮ’ ಎಂದಿತು ಆ ಕಡೆಯ ದನಿ.

‘ಹೂಂ ದೊಡ್ಡಮ್ಮ’ ಎಂದಳು ಇವಳು.

ನಾನು ಬಕೆಟ್ಟನ್ನು ಸದ್ದಾಗದಂತೆ ನೆಲಕ್ಕೆ ಇಟ್ಟೆ.