ಬರ್ತೀನಿ ಅಂದ ಮೇಲೆ

ನಮ್ಮ ಮನೆಯಲ್ಲಿ 'ಹೋಗ್ತೀನಿ' ಎಂಬ ಮಾತಿಗೆ ಜಾಗವಿರಲಿಲ್ಲ. ಸ್ಕೂಲಿಗೆ ಹೊರಟರೂ, ಮೂಲೆಯಂಗಡಿಗೆ ಹೊರಟರೂ ಹೊಸಿಲು ದಾಟುವಾಗ 'ಬರ್ತೀನಿ' ಎನ್ನಬೇಕು. ಮರೆತು 'ಹೋಗ್ತೀನಿ' ಎಂದುಬಿಟ್ಟರೆ ಅಮ್ಮ ನೂಲು ಸುತ್ತುವುದನ್ನು ನಿಲ್ಲಿಸಿ, "ಏನೇ ಅದು ಬಾಯಿಗೆ ಬಂದಂಗೆ? ಒಳಕ್ಕೆ ಬಾ. ಸರಿಯಾಗಿ ಹೇಳಿ ಹೊರಡು" ಎನ್ನುತ್ತಿದ್ದಳು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದು, ಬರ್ತೀನಿ ಎಂದು, ಮತ್ತೆ ಹೊರಡಬೇಕಿತ್ತು. ಅಷ್ಟರಲ್ಲಿ ಬಸ್ಸು ತಪ್ಪಿದರೂ ಅವಳಿಗೆ ಚಿಂತೆಯಿಲ್ಲ. ಹೋಗುವವರು ಸತ್ತವರು ಮಾತ್ರ, ಮಿಕ್ಕವರೆಲ್ಲ ಬರುವವರೇ ಎಂಬುದು ಅವಳ ಲೆಕ್ಕ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ನೇಕಾರರ ಮನೆ. ಮುಂದೆ ಹಜಾರದಲ್ಲಿ ಮಗ್ಗಗಳು, ಹಿಂದೆ ಅಡುಗೆಮನೆ, ನಡುವೆ ಉಳಿದ ಜಾಗದಲ್ಲಿ ನಾವು. ಮಗ್ಗದ ಸದ್ದಿನಲ್ಲಿ ನಿದ್ದೆ ಮಾಡಿ, ಕರೆಂಟ್ ಹೋಗಿ ಸದ್ದು ನಿಂತರೆ ಎಚ್ಚರವಾಗುವ ಜನ. ಗಂಟಲು ದೊಡ್ಡದು ಮಾಡಿ ಮಾತಾಡುವುದು ನಮಗೆ ಜಗಳವಲ್ಲ, ಅಭ್ಯಾಸ. ಇಂಥ ಮನೆಯಿಂದ ಎರಡು ಬೀದಿ ಆಚೆಗಿನ ಇಂಥದೇ ಮನೆಗೆ ಸೊಸೆಯಾಗಿ ಹೋದವಳು ನಾನು. ಪ್ರಪಂಚ ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ, ಅದರ ಬಗ್ಗೆ ಬೇಜಾರೂ ಇರಲಿಲ್ಲ.

ನನ್ನ ಗಂಡನಿಗೆ ಜಕಾರ್ಡಿನ ಕೆಲಸ ಚೆನ್ನಾಗಿ ಗೊತ್ತು. ಬಟ್ಟೆಯಲ್ಲಿ ಹೂವು ಬಳ್ಳಿ ಮೂಡಿಸಲು ಮಗ್ಗದ ತಲೆಯ ಮೇಲೆ ಕೂರಿಸುವ ಯಂತ್ರ ಅದು. ಪಾಣಿಪತ್‌ನಲ್ಲಿ ಬೆಡ್‌ಶೀಟು, ಹೊದಿಕೆ ನೇಯುವ ಫ್ಯಾಕ್ಟರಿಯೊಂದರಿಂದ ಅವರಿಗೆ ಕರೆ ಬಂತು. ಅವರ ಕಣ್ಣು ಹೊಳೆಯಿತು. ನಾನು ಮಾತು ಬಿಟ್ಟೆ. ಮಾತು ಬಿಡುವುದರಲ್ಲಿ ನಮ್ಮ ಮನೆತನದಲ್ಲೇ ನನ್ನನ್ನು ಮೀರಿಸಿದವರಿಲ್ಲ. ಕೊನೆಗೆ ಅವರೇ ರಾಜಿಗೆ ಬಂದರು. "ಒಂದು ಚಳಿಗಾಲ ನೋಡು. ಆಗಲ್ಲ ಅಂದ್ರೆ ಯುಗಾದಿಗೆ ವಾಪಸ್ ಬಂದ್ಬಿಡೋಣ. ಹೂಂ ಅನ್ನೋಳೂ ನೀನೇ, ಊಹೂಂ ಅನ್ನೋಳೂ ನೀನೇ." ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೆ. ದೇವನಹಳ್ಳಿಯಲ್ಲಿ ವಿಮಾನ ಹತ್ತುವ ಮೊದಲೇ ಊಹೂಂ ಎನ್ನುವುದೆಂದು ತೀರ್ಮಾನಿಸಿಯೂ ಆಗಿತ್ತು.

ದಸರಾ ಮುಗಿಸಿಕೊಂಡು ಹೋದೆವು. ದೀಪಾವಳಿ ಕಳೆದ ಮೇಲೆ ಚಳಿ ಶುರುವಾಯಿತು. ನಮ್ಮ ಕಡೆ ಚಳಿಯೆಂದರೆ ಬೆಳಿಗ್ಗೆ ತಲೆಗೆ ಮಫ್ಲರ್ ಸುತ್ತಿ, ಬಿಸಿಲು ಏರಿದ ಮೇಲೆ ತೆಗೆದಿಡುವಂಥದ್ದು. ಅಲ್ಲಿಯದು ಹಾಸಿಗೆ ಸಮೇತ ಬಂದ ನೆಂಟರ ಹಾಗೆ, ಬಂದಿತೆಂದರೆ ಹೊರಡುವ ಸುದ್ದಿಯೇ ಇಲ್ಲ. ಮಂಜು ಬಿದ್ದ ದಿನ ಮಧ್ಯಾಹ್ನವಾದರೂ ಎದುರು ಮನೆ ಕಾಣುತ್ತಿರಲಿಲ್ಲ. ಒಗೆದ ಬಟ್ಟೆ ದಿನಗಟ್ಟಲೆ ಒದ್ದೆಯಾಗಿಯೇ ನೇತಾಡುತ್ತಿತ್ತು. ದೋಸೆ ಹಿಟ್ಟು ರುಬ್ಬಿಟ್ಟರೆ ಉಬ್ಬದೆ, ಹುಳಿಯದೆ, ಇಟ್ಟ ಹಾಗೇ ಕೂತಿರುತ್ತಿತ್ತು. ಊರಿಡೀ ಹೊದಿಕೆ ನೇಯುತ್ತಾರೆ, ನಾನು ಮಾತ್ರ ಎರಡು ಹೊದ್ದರೂ ನಡುಗುತ್ತೇನೆ.

ಹಾಗಂತ ನಮ್ಮ ಪದ್ಧತಿ ಬಿಟ್ಟೆನೇ? ಇಲ್ಲ. ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಬಾಗಿಲಿಗೆ ನೀರು ಹಾಕಿ, ನಡುಗುವ ಬೆರಳಲ್ಲಿ ಸೊಟ್ಟ ಸೊಟ್ಟ ರಂಗೋಲಿ ಬಿಡುತ್ತಿದ್ದೆ. ಆ ಚಳಿಯಲ್ಲಿ ಸಿಮೆಂಟಿನ ಮೇಲೆ ಹಾಕಿದ ನೀರು ಆರುವುದೇ ಇಲ್ಲ ಎಂದು ನನಗೇನು ಗೊತ್ತು? ಒಂದು ದಿನ ಹಾಲಿನವನು ಜಾರಿ, ಕ್ಯಾನಿನ ಸಮೇತ ನನ್ನ ರಂಗೋಲಿಯ ಮೇಲೆ ಕೂತುಬಿಟ್ಟ. ಪಕ್ಕದ ಮನೆಯಿಂದ ಶಾಲು ಹೊದ್ದ ಒಬ್ಬ ಹೆಂಗಸು ಹೊರಗೆ ಬಂದು ನನ್ನನ್ನು ಬೈದ ಬೈಗಳು ಬೀದಿಯ ತುದಿಗೂ ಕೇಳಿಸಿರಬೇಕು. ಆ ದೊಡ್ಡ ಗಂಟಲು ಕೇಳಿ ನನಗೆ ಮಾತ್ರ ನಮ್ಮ ಬೀದಿಗೇ ಬಂದಷ್ಟು ಹಿತವಾಯಿತು. ಬೈದು ಮುಗಿಸಿ ನನ್ನ ಬರಿಗಾಲು ನೋಡಿದಳು. ಒಳಗೆ ಹೋಗಿ ಒಂದು ಜೊತೆ ಉಣ್ಣೆಯ ಕಾಲುಚೀಲ ತಂದು ಕೈಗೆ ತುರುಕಿದಳು.

ಬೀದಿಯವರೆಲ್ಲ ಆಕೆಯನ್ನು 'ತಾಯಿ' ಎಂದು ಕರೆಯುತ್ತಿದ್ದರು. ಅಲ್ಲಿಯವರ ಮಾತಿನಲ್ಲಿ ಹಾಗೆಂದರೆ ದೊಡ್ಡಮ್ಮ. ಕನ್ನಡದ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ. ಮೊದಮೊದಲು ಹಾಗೆ ಕರೆಯಲು ನನಗೆ ಮುಜುಗರ, ಅಮ್ಮನಿಗೆ ಏನೋ ಮೋಸ ಮಾಡಿದ ಹಾಗೆ. ಆಕೆಯ ಗಂಡ ತೀರಿಹೋಗಿದ್ದರು. ಮಗ ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಬರುತ್ತಿದ್ದುದು ಸಂಜೆಗೆ. ಆಕೆಯದು ಹರಿಯಾಣದ ಒರಟು ಹಿಂದಿ, ನನ್ನದು ಟಿವಿ ನೋಡಿ ಕಲಿತದ್ದು. ಎರಡನ್ನೂ ಇಲ್ಲಿ ನಮ್ಮೂರಿನ ಕನ್ನಡದಲ್ಲೇ ಬರೆಯುತ್ತೇನೆ, ಆಕೆ ಒಪ್ಪುತ್ತಾಳೋ ಇಲ್ಲವೋ.

ಮಾರನೆಯ ದಿನವೇ ಟೀಗೆ ಕರೆದಳು. ಹಾಲಿನಲ್ಲೇ ಕುದಿಸಿ, ಶುಂಠಿ ಜಜ್ಜಿ ಹಾಕಿ, ದೊಡ್ಡ ಸ್ಟೀಲ್ ಗ್ಲಾಸಿನ ತುಂಬ ಕೊಟ್ಟಳು. ಕುಡಿದೆ, ಮೈ ಬೆಚ್ಚಗಾಯಿತು, ಎದ್ದೆ. ಹಿಂದಿಯಲ್ಲಿ ಹೇಗೆ ಹೇಳಿ ಹೊರಡಬೇಕೆಂದು ಒಂದು ಗಳಿಗೆ ಯೋಚಿಸಿ, ಅಮ್ಮ ಕಲಿಸಿದ್ದನ್ನೇ ಹಿಂದಿ ಮಾಡಿದೆ. "ಮೈಂ ಆತೀ ಹೂಂ." ಮನೆಗೆ ಬಂದು ಚಿಲಕ ಹಾಕಿ, ಹೊದ್ದು ಮಲಗಿದೆ.

ಆಮೇಲೆ ಹೀಗೇ ಆಗಾಗ ನಡೆಯಿತು. ಕರೆಯುವಳು, ಹೋಗುವೆ, ಕುಡಿಯುವೆ, ಮೈಂ ಆತೀ ಹೂಂ ಎಂದು ಬರುವೆ. ಆದರೆ ದಿನ ಕಳೆದಂತೆ ತಾಯಿಯ ಮುಖ ಗಂಟಾಗುತ್ತಾ ಬಂತು. ಗ್ಲಾಸನ್ನು ಕೈಗೆ ಕೊಡದೆ ನೆಲಕ್ಕೆ ಕುಕ್ಕುವಳು. ನಾನು ಹೊರಟಾಗ ಹೂಂ ಎನ್ನುವುದನ್ನೂ ಬಿಟ್ಟಳು. ನನಗೆ ಅರ್ಥವಾಗಲಿಲ್ಲ, ಅರ್ಥವಾಗದ್ದಕ್ಕೆ ಸಿಟ್ಟು ಬಂತು. "ಈ ಜನಾನೇ ಹಿಂಗೆ ಕಣಮ್ಮ, ಕರೆಯೋದೂ ಅವರೇ, ಮುಖ ತಿರುಗಿಸೋದೂ ಅವರೇ" ಎಂದು ಫೋನಿನಲ್ಲಿ ಅಮ್ಮನಿಗೆ ಚಾಡಿ ಹೇಳಿದೆ. ಯುಗಾದಿಗೆ ಹೇಳಬೇಕಾದ ಊಹೂಂಗೆ ಇನ್ನೊಂದು ಕಾರಣ ಸಿಕ್ಕಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು.

ದಟ್ಟ ಮಂಜಿನ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ತಾಯಿ. ಕೈಯಲ್ಲಿ ತಟ್ಟೆ ಮುಚ್ಚಿದ ಗ್ಲಾಸು. ತಟ್ಟೆ ತೆಗೆದು ತೋರಿಸಿದಳು, ಕೆನೆಗಟ್ಟಿ ತಣ್ಣಗಾದ ಟೀ.

"ನಾನೇನು ನಿನಗೆ ಹುಚ್ಚಿ ಥರ ಕಾಣ್ತೀನಾ? ದಿನಾ ಬರ್ತೀನಿ ಬರ್ತೀನಿ ಅಂತೀಯ. ಈ ಚಳೀಲಿ ಬಾಗಿಲು ತಕ್ಕೊಂಡು, ಒಲೆ ಸಣ್ಣಗೆ ಮಾಡ್ಕೊಂಡು ಕೂತಿರ್ತೀನಿ. ನೀನು ಚಿಲಕ ಹಾಕ್ಕೊಂಡು ಮಲಗಿರ್ತೀಯ. ಬರಲ್ಲ ಅಂದ್ರೆ ಬರಲ್ಲ ಅನ್ನು. ಸುಳ್ಳು ಯಾಕೆ ಹೇಳ್ತೀಯ?"

ಆಗ ಅರ್ಥವಾಯಿತು. 'ಆತೀ ಹೂಂ' ಎಂದರೆ ಅಲ್ಲಿ ಈಗ ಹೋಗಿ ಈಗ ಬಂದೆ ಎಂದರ್ಥ. ಮನೆಗೆ ಹೊರಟವರು 'ಚಲ್ತೀ ಹೂಂ' ಎನ್ನುತ್ತಾರೆ. ಇಷ್ಟು ದಿನ ಆಕೆ ನನ್ನ ಎರಡನೇ ಗ್ಲಾಸು ಇಟ್ಟುಕೊಂಡು ಕಾದಿದ್ದಳು, ನಾನು ಆಕೆಯ ಮುಖ ಸರಿಯಿಲ್ಲವೆಂದು ಅಮ್ಮನಿಗೆ ಚಾಡಿ ಹೇಳಿದ್ದೆ. ನಾಚಿಕೆಯಾಯಿತು. ಒಳಗೆ ಕೂರಿಸಿ, ಬರುವಷ್ಟು ಹಿಂದಿಯಲ್ಲಿ ಬಿಡಿಸಿ ಹೇಳಿದೆ. ನಮ್ಮಲ್ಲಿ ಹೋಗ್ತೀನಿ ಅನ್ನಬಾರದು, ಅಪಶಕುನ. ಹೊರಡುವವರೆಲ್ಲ ಬರ್ತೀನಿ ಎಂದೇ ಹೊರಡುತ್ತಾರೆ.

"ಬರದೇ ಇರೋರೂ?"

"ಬರದೇ ಇರೋರೂ."

ತಾಯಿ ಯೋಚನೆ ಮಾಡಿದಳು. "ಹಂಗಾದ್ರೆ ಟೀ ಇಡಬೇಕೋ ಬೇಡವೋ ಅಂತ ಮನೇಲಿರೋರಿಗೆ ಹೆಂಗೆ ಗೊತ್ತಾಗೋದು?"

ಹುಟ್ಟಿದಾಗಿನಿಂದ ಆ ಮಾತು ಆಡುತ್ತಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನಾನು ಪೆಚ್ಚಾಗಿ ಕೂತದ್ದು ನೋಡಿ ಆಕೆಗೆ ನಗು ಬಂತು, ಆಮೇಲೆ ನನಗೂ ಬಂತು. ಅಂದಿನಿಂದ ಅದೇ ನಮ್ಮ ತಮಾಷೆಯಾಯಿತು. ನಾನು ಮೈಂ ಆತೀ ಹೂಂ ಎಂದು ಎದ್ದರೆ ಸಾಕು, "ನಿನ್ನ ಬರೋದಾ, ನನ್ನ ಬರೋದಾ?" ಎನ್ನುವಳು. ನಿಮ್ಮದು ಎಂದರೆ ಒಲೆ ಆರಿಸುತ್ತಿರಲಿಲ್ಲ.

ದೋಸೆ ಹಿಟ್ಟನ್ನು ದಾರಿಗೆ ತಂದದ್ದೂ ಆಕೆಯೇ. ಪಾತ್ರೆಗೆ ಹಳೇ ಶಾಲು ಸುತ್ತಿ, ಹತ್ತಿ ತುಂಬಿದ ತನ್ನ ದಪ್ಪ ರಜಾಯಿಯೊಳಗೆ ಮಗುವಿನಂತೆ ಮಲಗಿಸಿದಳು. ಬೆಳಿಗ್ಗೆ ಹಿಟ್ಟು ಉಕ್ಕಿ ರಜಾಯಿಗೆಲ್ಲ ಮೆತ್ತಿಕೊಂಡಿತ್ತು. ಆಕೆ ಬೈಯುತ್ತಲೇ ಒಗೆದು ಹಾಕಿದಳು, ಬೈಯುತ್ತಲೇ ದೋಸೆ ತಿಂದಳು.

ಹೋಳಿಯ ಹೊತ್ತಿಗೆ ಚಳಿ ಹೋಯಿತು. ಬಿಸಿಲು ಹಿತವಾಗಿತ್ತು, ದೂರಲು ಏನೂ ಉಳಿದಿರಲಿಲ್ಲ. ಗಂಡ ಮಾತಿಗೆ ತಪ್ಪದೆ ಕೇಳಿದರು. "ಏನ್ಮಾಡೋಣ?" ನಾನು ಊಹೂಂ ಎಂದೆ. ವಿಮಾನ ಹತ್ತುವ ಮೊದಲೇ ತೀರ್ಮಾನಿಸಿದ್ದನ್ನು ಬದಲಿಸಿದರೆ ಸೋತಂತಾಗುತ್ತದೆ ಎಂಬ ಹಟ, ಅಷ್ಟೇ. ಅವರು ಎದುರಾಡಲಿಲ್ಲ. ಯುಗಾದಿ ಹಬ್ಬಕ್ಕೆಂದು ನಾನು ಮೊದಲು ಹೊರಡುವುದು, ಅವರು ಕೆಲಸ ಬಿಟ್ಟು, ಮನೆ ಖಾಲಿ ಮಾಡಿ ಹಿಂದಿನಿಂದ ಬರುವುದು ಎಂದಾಯಿತು.

ತಾಯಿಗೆ ಹೇಳಲು ಬಾಯಿ ಬರಲಿಲ್ಲ. ಹಬ್ಬಕ್ಕೆ ಊರಿಗೆ ಎಂದಷ್ಟೇ ಹೇಳಿದ್ದೆ. ಆಟೋ ಬಂದು ನಿಂತಿತು. ಆಕೆ ದಾರಿಗೆಂದು ಪರೋಟ ಕಟ್ಟಿ ತಂದಿದ್ದಳು. ನಾನು ಮೈಂ ಆತೀ ಹೂಂ ಎಂದೆ. ಆಕೆ ಆಟೋದಲ್ಲಿದ್ದ ದೊಡ್ಡ ಸೂಟ್‌ಕೇಸ್ ನೋಡಿದಳು, ನನ್ನನ್ನು ನೋಡಿದಳು.

"ನಿನ್ನ ಬರೋದಾ, ನನ್ನ ಬರೋದಾ?"

ಈ ಸಲ ಆಕೆ ನಗಲಿಲ್ಲ. ನಾನು ಪರೋಟದ ಗಂಟು ನೋಡುತ್ತಾ "ನಿಮ್ಮದೇ" ಎಂದೆ. ಆಟೋ ಹೊರಟಿತು.

ದೊಡ್ಡಬಳ್ಳಾಪುರಕ್ಕೆ ಬಂದ ಮೇಲೆ ಅಮ್ಮನ ಮನೆಯಲ್ಲಿ ಮಗ್ಗದ ಸದ್ದಿಗೆ ಕಣ್ತುಂಬ ನಿದ್ದೆ ಮಾಡಿದೆ. ಬೇವು ಬೆಲ್ಲ ತಿಂದೆ, ಅತ್ತಿಗೆ ಮಾಡಿದ ಒಬ್ಬಟ್ಟು ತಿಂದೆ. ಆದರೆ ಅತ್ತಿಗೆ ಕೊಟ್ಟ ಸಣ್ಣ ಲೋಟದ ಟೀ ಎರಡು ಗುಟುಕಿಗೆ ಮುಗಿದು ಇನ್ನೂ ಬೇಕೆನಿಸುತ್ತಿತ್ತು. "ಚೊಂಬಿನ ತುಂಬ ಟೀ ಕುಡಿಯೋದು ಯಾವಾಗ ಕಲಿತೆ?" ಎಂದು ಅಣ್ಣ ಆಡಿಕೊಂಡ.

ತೂಬಗೆರೆಯಿಂದ ಚಿಕ್ಕಮ್ಮ ಬಂದಿದ್ದಳು. ಸಂಜೆ ಬಸ್ಸಿಗೆ ಹೊರಟು, "ಬರ್ತೀನಿ ಕಣೇ" ಎಂದಳು.

"ಯಾವಾಗ ಚಿಕ್ಕಮ್ಮ?" ಎಂದುಬಿಟ್ಟೆ.

ಚಿಕ್ಕಮ್ಮ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ನಿಂತಳು. "ಯಾವಾಗ ಅಂದ್ರೆ? ಈಗ ಹೊರಟಿದ್ದೀನಲ್ಲೇ! ಏನಾಗೈತೆ ಈ ಹುಡುಗೀಗೆ?"

ಎಲ್ಲರೂ ನಕ್ಕರು. ನನಗೆ ಅಳು ಬಂತು. ಎಲ್ಲರೂ ಚೆದುರಿದ ಮೇಲೆ ಅಮ್ಮನ ಪಕ್ಕ ಕೂತು ತಾಯಿಯ ಕತೆಯನ್ನೆಲ್ಲ ಹೇಳಿದೆ. ತಣ್ಣಗಾದ ಟೀ, ರಜಾಯಿಗೆ ಮೆತ್ತಿದ ಹಿಟ್ಟು, ಆಟೋದ ಹತ್ತಿರ ಆಡಿದ ಮಾತು, ಎಲ್ಲ. ಅಮ್ಮ ನೂಲು ಸುತ್ತುತ್ತಲೇ ಕೇಳಿದಳು.

ಎರಡು ದಿನ ಬಿಟ್ಟು ಗಂಡನ ಫೋನ್ ಬಂತು. ಮನೆಯ ಓನರ್ ಕೇಳುತ್ತಿದ್ದಾರೆ, ಬಿಡುವುದೋ ಇಟ್ಟುಕೊಳ್ಳುವುದೋ ಕೊನೆಯ ಮಾತು ಹೇಳಬೇಕು ಎಂದರು. ಆಮೇಲೆ, "ಇನ್ನೊಂದು ವಿಷ್ಯ. ತಾಯಿ ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ನೀರು ಹಾಕ್ತಾ ಅವ್ರೆ. ಯಾಕೆ ಅಂತ ಕೇಳಿದ್ರೆ, ಅವಳು ಬಂದಾಗ ಬಾಗಿಲು ಒಣಗಿರಬಾರ್ದು ಅಂತಾರೆ. ನಾನೇನು ಹೇಳ್ಲಿ?" ಎಂದರು.

ನನ್ನನ್ನು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದು ಆ ನೀರಿಗೇ. ಬಿಕ್ಕಿ ಬಿಕ್ಕಿ ಅತ್ತೆ. "ಇಟ್ಕೊಳ್ಳಿ" ಎಂದೆ ಕೊನೆಗೆ.

ಹೊರಡುವ ದಿನ ಏರ್‌ಪೋರ್ಟಿಗೆ ಬಿಡಲು ಅಣ್ಣ ಗಾಡಿ ತೆಗೆದ. ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಎದ್ದೆ. ಹೊಸಿಲ ಹತ್ತಿರ ಎಂದಿನಂತೆ ಬಾಯಿ ತೆರೆದೆ. ಅಮ್ಮ ತಡೆದಳು.

"ಇವತ್ತು ಹೋಗ್ತೀನಿ ಅಂತಲೇ ಅನ್ನು, ಪರವಾಗಿಲ್ಲ. ಬರ್ತೀನಿ ಅಂತ ಅಲ್ಲಿ ಹೇಳಿ ಬಂದಿದ್ದೀಯ. ಅವಳು ಟೀ ಇಟ್ಕೊಂಡು ಕೂತಿರ್ತಾಳೆ."

ಹೇಳಲು ನೋಡಿದೆ. ಜೀವಮಾನವಿಡೀ ಬೈದು ಬೈದು ನನ್ನ ಬಾಯಿಂದ ಬಿಡಿಸಿದ್ದ ಮಾತನ್ನು ಅವಳೇ ಕೇಳುತ್ತಿದ್ದರೂ ಅದು ಹೊರಗೆ ಬರಲಿಲ್ಲ. "ಬರ್ತೀನಮ್ಮ" ಎಂದೆ.

ಯಾರ ಬರೋದು ಎಂದು ಅಮ್ಮ ಕೇಳಲಿಲ್ಲ.