ನಾಲ್ಕೂ ಚೌಕ

ದಿಗಂಬರನ ಕೈ ಮಾತಿಗಿಂತ ಮುಂದು. ನಿಲಂಗಾದಿಂದ ಕಾಸಾರಶಿರಸಿಗೆ ಹೋಗುವ ದಾರಿಯ ಆ ಸಂತೆಯೂರಿನಲ್ಲಿ ಇದು ಗೊತ್ತಿಲ್ಲದವರಿಲ್ಲ. ಸೋಯಾಬೀನು, ತೊಗರಿ ಕೊಳ್ಳುವ ಅಡತಿ ಅಂಗಡಿ ಅವನದು. ಚೀಲ ಹೊರುವ ಹಮಾಲರು, ಟೆಂಪೊ ಓಡಿಸುವವರು, ಮನೆಯ ಹೆಂಗಸರು, ಎಲ್ಲರೂ ಒಂದಲ್ಲ ಒಂದು ಸಲ ಆ ಕೈಯ ರುಚಿ ಕಂಡವರೇ.

ಸಂತೆಯ ದಿನ ಅಂಬಾದಾಸನೆಂಬ ಹಮಾಲನ ಬೆನ್ನಿನಿಂದ ತೊಗರಿ ಚೀಲ ಜಾರಿ ದಿಗಂಬರನ ಹೊಸ ಮೋಟರ್ ಸೈಕಲ್ಲಿನ ಮೇಲೆ ಬಿತ್ತು. ಕನ್ನಡಿ ಒಡೆಯಿತು, ಅಷ್ಟೇ. ದಿಗಂಬರ ಕಬ್ಬಿಣದ ಪೈಪು ಹಿಡಿದು ನಡುರಸ್ತೆಯಲ್ಲಿ ಅವನನ್ನು ಬಡಿದ. ಮೊದಲು ಮೊಳಕಾಲಿಗೆ, ಆಮೇಲೆ ಬೆನ್ನಿಗೆ, ಬಿದ್ದ ಮೇಲೆ ಪಕ್ಕೆಲುಬಿಗೆ. ಸಂತೆಗೆ ಸಂತೆಯೇ ನಿಂತು ನೋಡಿತು, ಒಬ್ಬನೂ ಅಡ್ಡ ಬರಲಿಲ್ಲ. ಅಂಬಾದಾಸ ತೆವಳಿಕೊಂಡು ಎದ್ದು ಅಂಗಡಿಯ ಮುಂದಿನ ತೂಕದ ಕಟ್ಟೆಯ ಮೂಲೆಗೆ ಓಡಿದ. ಹಿಂದೆ ಗೋಡೆ, ಮುಂದೆ ಪೈಪು. ಚೀಲ ಎತ್ತುವ ಕೊಕ್ಕೆ ಇನ್ನೂ ಕೈಯಲ್ಲೇ ಇತ್ತು, ಬೀಸಿದ. ದಿಗಂಬರನ ಕಿವಿ ಅರ್ಧ ಹರಿದು ಜೋತಾಡಿತು.

ಪೊಲೀಸರು ಎಳೆದೊಯ್ದದ್ದು ಹಮಾಲನನ್ನು. ಕೊಲ್ಲಲು ಬಂದಿದ್ದ ಎಂದು ದಿಗಂಬರನ ಫಿರ್ಯಾದು. ತನ್ನ ಅಂಗಡಿಯ ಕ್ಯಾಮೆರಾದಲ್ಲಿ ಎಲ್ಲ ಇದೆ, ತಂದುಕೊಡುತ್ತೇನೆ ಎಂದು ಠಾಣೆಯಲ್ಲಿ ಎದೆಯುಬ್ಬಿಸಿ ಹೇಳಿ, ಕಿವಿಗೆ ಹೊಲಿಗೆ ಹಾಕಿಸಿಕೊಂಡು, ಅವನು ನೇರ ಬಂದದ್ದು ತಮ್ಮನ ಹೆಂಡತಿ ಶಿವಕಾಂತಾಳ ಬಳಿಗೆ.

ಶಿವಕಾಂತಾ ಉಮರ್ಗಾ ಕಡೆಯ ಹಳ್ಳಿಯವಳು. ಭೂಕಂಪದಲ್ಲಿ ಅಪ್ಪ, ಅವ್ವ ಮನೆಯ ಸಮೇತ ಮಣ್ಣಾದಾಗ ಇವಳು ಭಾಲ್ಕಿಯ ಸೋದರತ್ತೆಯ ಊರಲ್ಲಿದ್ದಳು, ಉಳಿದಳು. ತವರಿಲ್ಲದ ಹುಡುಗಿ ಎಂದು ನೋಡಿಕೊಂಡೇ ಈ ಮನೆಯವರು ತಂದುಕೊಂಡದ್ದು. ಹೊಡೆದರೆ ಯಾಕೆಂದು ಕೇಳಲು ಬರುವವರಿಲ್ಲವಲ್ಲ! ಕಂಪ್ಯೂಟರ್ ಕಲಿತಿದ್ದಳೆಂದು ಅಂಗಡಿಯ ಪಕ್ಕದ ಕೋಣೆಯಲ್ಲಿ ಒಂದು ಕಂಪ್ಯೂಟರ್ ಹಾಕಿಕೊಟ್ಟಿದ್ದರು. ಹೊಲದ ಉತಾರಿ, ಅಂದರೆ ಪಹಣಿ ತೆಗೆದುಕೊಡುವುದು, ಶಾಲೆಯ ಮಾಸ್ತರರಿಗೆ ಪರದೆಯ ಮೇಲಿನ ಪಾಠವನ್ನು ವಿಡಿಯೊ ಮಾಡಿಕೊಡುವುದು ಅವಳ ಕೆಲಸ. ಪರದೆಯ ಮೇಲೆ ಏನೇನೋ ತೆರೆದಿರುತ್ತದೆ. ಬೇಕಾದಷ್ಟಕ್ಕೆ ಮೌಸಿನಿಂದ ಒಂದು ಚೌಕ ಎಳೆದರೆ ಅದರೊಳಗಿನದಷ್ಟೇ ವಿಡಿಯೊ ಆಗುತ್ತದೆ. ಉಳಿದದ್ದು ಇತ್ತೆಂಬುದೇ ನೋಡುವವರಿಗೆ ತಿಳಿಯುವುದಿಲ್ಲ.

ನಿಜ ಹೇಳಬೇಕೆಂದರೆ ಈ ವಿದ್ಯೆ ಅವಳಿಗೆ ಕಂಪ್ಯೂಟರಿಗಿಂತ ಮೊದಲೇ ಬರುತ್ತಿತ್ತು. ಭಾವ ದಿಗಂಬರ ತನ್ನ ಏಟಿನಿಂದ ಅವಳ ಮುಂಗೈ ಮುರಿದಾಗ ಬಚ್ಚಲಲ್ಲಿ ಜಾರಿದೆ ಎಂದು ಡಾಕ್ಟರರಿಗೆ ಹೇಳಿದವಳು ಅವಳು. ಬಾತ ಗಲ್ಲಕ್ಕೆ ಸೆರಗೆಳೆದುಕೊಂಡು ಮದುವೆ ಮನೆಯಲ್ಲಿ ನಗುನಗುತ್ತ ಬಡಿಸಿದವಳು. ಗಂಡ ಸಿದ್ಧೇಶ್ವರ ಹೊಡೆಯುವವನಲ್ಲ. ಅಣ್ಣನ ಕೈ ಮೇಲೆದ್ದ ಕೂಡಲೇ ಹೋಗಿ ಬಾಗಿಲು ಮುಚ್ಚುವುದಷ್ಟೇ ಅವನ ಪಾಲಿನ ಕೆಲಸ. ಹಾಳು ಮನೆ ಅದು.

ಅಂಗಡಿಯ ಕ್ಯಾಮೆರಾಗಳು ಹಿಡಿದದ್ದೆಲ್ಲ ಅವಳ ಪರದೆಯ ಮೇಲೆಯೇ ನಾಲ್ಕು ಚೌಕಗಳಾಗಿ ಕಾಣುತ್ತಿತ್ತು. ಮೇಲೆ ರಸ್ತೆ ಮತ್ತು ತೂಕದ ಕಟ್ಟೆ, ಕೆಳಗೆ ಅವಳ ಕೋಣೆ ಮತ್ತು ಹಿತ್ತಲ ಗೋದಾಮು. ರೆಕಾರ್ಡಿನ ಪೆಟ್ಟಿಗೆಯಲ್ಲಿ ಪೆನ್ ಡ್ರೈವ್ ಚುಚ್ಚುವ ಜಾಗ ಕೆಟ್ಟಿದ್ದರಿಂದ, ಪರದೆಯ ಮೇಲೆ ಓಡಿಸಿ ಅದನ್ನೇ ವಿಡಿಯೊ ಮಾಡಿಕೊಳ್ಳಬೇಕಿತ್ತು. ಅಷ್ಟರಲ್ಲಾಗಲೇ ಅಂಬಾದಾಸನ ಹೆಂಡತಿ ಕಾಂತಾಬಾಯಿ ಬಂದು ಅತ್ತು ಹೋಗಿದ್ದಳು. ಗಂಡನ ಜೀವ ನಿಮ್ಮ ಆ ಟಿವಿಯಲ್ಲಿದೆ ಎಂದಿದ್ದಳು.

ದಿಗಂಬರ ಪರದೆಯ ಮೇಲೆ ಬೆರಳಿಟ್ಟ. "ಕಟ್ಟೀದು ಅಷ್ಟ ತಗಿ. ರಸ್ತೇದು ಬ್ಯಾಡ."

ಶಿವಕಾಂತಾಳ ಕೈ ಮೌಸಿನ ಮೇಲೆ ಹಾಗೇ ನಿಂತಿತು. "ಭಾವಾರ, ರಸ್ತೇದು ಬಿಟ್ಟರ ಅಂವಾ ಸುಮ್ಮಸುಮ್ಮನ ಹೊಡದಂಗ ಕಾಣ್ತದರಿ."

ಜತೆಗೆ ಬಂದಿದ್ದ ಸಿದ್ಧೇಶ್ವರ ತಿರುಗಿ ಶಟರ್ ಎಳೆದ. ದಿಗಂಬರ ಅವಳ ಜಡೆ ಹಿಡಿದು ಮುಖವನ್ನು ಮೇಜಿನ ಅಂಚಿಗೆ ಬಡಿದ. ತುಟಿ ಸೀಳಿತು, ಹಲ್ಲೊಂದು ಸಡಿಲಾಯಿತು. ಕುರ್ಚಿಯಿಂದ ಬಿದ್ದವಳ ಹೊಟ್ಟೆಗೆ ಒದ್ದ, ಮತ್ತೆ ಜಡೆ ಹಿಡಿದೇ ಎತ್ತಿ ಕೂಡಿಸಿದ. ಅವಳು ಕಟ್ಟೆಯ ಮೇಲಷ್ಟೇ ಚೌಕ ಎಳೆದು ವಿಡಿಯೊ ಮಾಡಿದಳು. ಪೆನ್ ಡ್ರೈವ್ ಕಿಸೆಗೆ ಹಾಕಿಕೊಂಡು ಅಣ್ಣ ತಮ್ಮ ಠಾಣೆಗೆ ಹೊರಟರು.

ಮನೆಯ ಹೆಂಗಸಿಗೆ ಹೊಡೆಯುವುದು ದಿಗಂಬರನ ಲೆಕ್ಕದಲ್ಲಿ ಹೊಡೆದಾಟವೇ ಅಲ್ಲ, ಮನೆಯ ಒಂದು ಕೆಲಸ. ಹಮಾಲನಿಗೆ ಬಿದ್ದ ಏಟು ಪೊಲೀಸರಿಗೆ ಕಾಣಬಾರದೆಂದು ಅಷ್ಟು ಒದ್ದಾಡಿದವನಿಗೆ, ತಾನೇ ಹಾಕಿಸಿದ ಕ್ಯಾಮೆರಾ ಈ ಕೋಣೆಯಲ್ಲೂ ತನ್ನ ನೆತ್ತಿಯ ಮೇಲೆ ಇದೆಯೆಂಬುದು ಹೊಳೆಯಲೇ ಇಲ್ಲ.

ಶಿವಕಾಂತಾ ರಕ್ತ ಉಗುಳಿ ಬಂದು ಕುಳಿತಳು. ಈ ಸಲ ಚೌಕವನ್ನು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಯ ತನಕ ಎಳೆದು ಬಜಾರಿನ ಬಡಿದಾಟವನ್ನೆಲ್ಲ ತುಂಬಿಸಿದಳು. ಅಂಬಾದಾಸನಿಗೆ ಅಷ್ಟು ಸಾಕಿತ್ತು. ನಿಲ್ಲಿಸಲು ಹೋದಳು, ನಿಲ್ಲಿಸಲಿಲ್ಲ, ನಡುವಿನ ಹೊತ್ತನ್ನು ಬೇಗ ಬೇಗ ದಾಟಿಸಿ ಈಗಷ್ಟೇ ಆದದ್ದರ ತನಕ ಓಡಿಸಿದಳು. ಕೆಳಗಿನ ಚೌಕದಲ್ಲಿ ಶಟರ್ ಇಳಿಯಿತು, ಒಬ್ಬ ಹೆಂಗಸಿನ ತಲೆ ಮೇಜಿಗೆ ಬಡಿಯಿತು. ಇಷ್ಟು ವರ್ಷ ಹೊಡೆಸಿಕೊಂಡಿದ್ದಳು, ಒಮ್ಮೆಯೂ ನೋಡಿರಲಿಲ್ಲ. ಮೊದಲು ಆ ಹೆಂಗಸಿನ ಮೇಲೆ ಕನಿಕರ ಬಂತು, ಆಮೇಲೆ ಸಿಟ್ಟು ಬಂತು.

ಕಾಂತಾಬಾಯಿಯನ್ನು ಕರೆದುಕೊಂಡು ಅವಳು ಠಾಣೆಗೆ ಹೋದಾಗ ದಿಗಂಬರ ಜಮಾದಾರನ ಎದುರು ಕುಳಿತು ಚಹಾ ಕುಡಿಯುತ್ತಿದ್ದ, ಪಕ್ಕದಲ್ಲಿ ಸಿದ್ಧೇಶ್ವರ. ಜಮಾದಾರ ಅವಳ ವಿಡಿಯೊ ಹಾಕಿದ. ಪೈಪಿನ ಏಟು ಒಂದೊಂದಾಗಿ ಬೀಳತೊಡಗಿದಂತೆ ಅವನ ಹುಬ್ಬು ಗಂಟಿಕ್ಕಿತು. ಹಮಾಲನನ್ನು ಬಿಡಬೇಕಾಗುತ್ತದೆ ಎಂದು ಗೊಣಗಿದ. ಮುಂದೆ ಶಟರ್ ಇಳಿಯುವುದು ಬಂತು. ಅದನ್ನೂ ಕೊನೆಯ ತನಕ ನೋಡಿ, ಶಿವಕಾಂತಾಳ ತುಟಿಯನ್ನೂ ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿಕೊಂಡ.

"ಹಾ ಘರಗುತಿ ಮಾಮ್ಲಾ ಆಹೇ," ಎಂದ ಮರಾಠಿಯಲ್ಲಿ. ಇದು ಮನೆಯೊಳಗಿನ ವಿಷಯ, ಈ ಕೇಸಿಗೆ ಮೇಲಿನ ಎರಡು ಚೌಕ ಸಾಕು, ಕೆಳಗಿನದನ್ನು ಬಿಟ್ಟು ಬೇರೆ ಮಾಡಿಕೊಂಡು ಬಾ ಎಂದ.

ಸಿದ್ಧೇಶ್ವರನಿಗೆ ಹೋದ ಜೀವ ಬಂದಂತಾಯಿತು. "ಸಾಹೇಬ್ರು ಹೇಳ್ಯಾರಲ್ಲ, ಅದೊಂದು ಬಿಟ್ಟು ತಗಿ ಶಿವಕಾಂತಾ. ಮನಿ ಮರ್ಯಾದಿ ಅದ."

"ಬಿಡಂಗಿಲ್ಲ," ಎಂದಳು ಶಿವಕಾಂತಾ. "ನಾಲ್ಕೂ ಇರ್ಲಿ."

ದಿಗಂಬರ ಎದ್ದವನೇ ಬಾರಿಸಿದ. ಎಲ್ಲಿದ್ದೇನೆ, ಯಾರೆದುರಿಗಿದ್ದೇನೆ ಎಂಬುದು ಆ ಕೈಗೆ ಗೊತ್ತಿರಲಿಲ್ಲ, ಅದು ಎಂದಿನಂತೆ ಬಂತು. ಹೊಲಿಗೆಯಿಲ್ಲದ ತುಟಿ ಮತ್ತೆ ಒಡೆದು ಜಮಾದಾರನ ಮೇಜಿನ ಮೇಲೆ ರಕ್ತ ಸಿಡಿಯಿತು.

ಶಿವಕಾಂತಾ ಸೆರಗಿನಿಂದ ಬಾಯಿ ಒರೆಸಿಕೊಳ್ಳಲಿಲ್ಲ. ಜಮಾದಾರನನ್ನೇ ನೋಡುತ್ತ ಕೇಳಿದಳು, "ಈಗ ಹೊಡದದ್ದೂ ಬಿಟ್ಟು ತಗೀಲೇನ್ರಿ, ಸಾಹೇಬ್ರ?"

ಜಮಾದಾರ ದಿಗಂಬರನ ರಟ್ಟೆ ಹಿಡಿದು ಸಿಪಾಯಿಯನ್ನು ಕೂಗಿದ. ಸಿದ್ಧೇಶ್ವರ ರೂಢಿಯಂತೆ ಬಾಗಿಲಿನ ಕಡೆ ತಿರುಗಿದ. ಠಾಣೆಯ ಬಾಗಿಲು ತೆರೆದೇ ಇತ್ತು, ಸಂತೆಗೆ ಬಂದ ಜನ ಹೊರಗೆ ನಿಂತು ನೋಡುತ್ತಿದ್ದರು.